ಸುಳಿ ನೋಡಿ, ಸ್ಯಾಗ್ ನೋಡಿ: ಫುಲ್ ಸಸ್ಪೆನ್ಷನ್ ಸೈಕಲ್ ಕೊಳ್ಳುವ ಮುನ್ನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದವರು ಮೊದಲೇ ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈಮೇಲಿನ ಸುಳಿ ಹುಡುಕುತ್ತಾರೆ, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ, ಗೊರಸು ಊರುವ ರೀತಿ ಗಮನಿಸುತ್ತಾರೆ. ಟವೆಲ್ಲಿನ ಅಡಿಯಲ್ಲಿ ಕೈ ಸೇರಿಸಿ ವ್ಯಾಪಾರ ಮಾಡುವುದು ಆಮೇಲೆ. ಅದೇ ಬೆಂಗಳೂರಿನ ಅಂಗಡಿಯಲ್ಲಿ ಲಕ್ಷಗಳ ಬೆಲೆಯ, ಮುಂದೆ ಹಿಂದೆ ಎರಡೂ ಕಡೆ ಏಟು ನುಂಗುವ ಫುಲ್ ಸಸ್ಪೆನ್ಷನ್ ಸೈಕಲ್ ಕೊಳ್ಳುವವರು ಮುಂದಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದು, ಸೀಟಿನ ಮೇಲೆ ಕೂತು ನಾಲ್ಕು ಸಲ ಕುಲುಕಿ ನೋಡಿ, "ಸಖತ್ ಸಾಫ್ಟಾಗಿದೆ" ಅಂದುಬಿಡುತ್ತಾರೆ. ಎತ್ತು ಕೊಳ್ಳುವವರ ಎಚ್ಚರದಲ್ಲಿ ಕಾಲು ಭಾಗ ಇದ್ದರೂ ಈ ಸೈಕಲ್ ವ್ಯಾಪಾರದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಆಗುವುದಿಲ್ಲ.

ಅಂಗಡಿಯ ಮುಂದಿನ ನುಣುಪು ನೆಲದ ಮೇಲೆ ಎಲ್ಲ ಫುಲ್ ಸಸ್ಪೆನ್ಷನ್ ಸೈಕಲ್ಲೂ ಚೆನ್ನಾಗಿಯೇ ಇರುತ್ತವೆ. ಶಾಕಿನಲ್ಲಿ, ಅಂದರೆ ಹಿಂಚಕ್ರದ ಏಟು ನುಂಗುವ ಗಾಳಿ ತುಂಬಿದ ಕೊಳವೆಯಲ್ಲಿ, ಗಾಳಿ ಕಡಿಮೆ ಇದ್ದಷ್ಟೂ ಇನ್ನೂ ಚೆನ್ನಾಗಿರುತ್ತವೆ, ಸೋಫಾದ ಮೇಲೆ ಕೂತ ಹಾಗೆ. ಅದೇ ಸೈಕಲ್ ಕಲ್ಲಿನ ಏರಿನಲ್ಲಿ ಹಿಂದಕ್ಕೆ ಕುಸಿದು ಕೂರುತ್ತದೆ, ಪೆಡಲ್ ಬಂಡೆಗೆ ಬಡಿಯುತ್ತದೆ, ಇಳಿಜಾರಿನಲ್ಲಿ ಶಾಕ್ ತಳ ಮುಟ್ಟಿ ಢಬ್ ಎನ್ನುತ್ತದೆ. ಆಗ ಕೊಂಡವರು ಫ್ರೇಮನ್ನು ಬೈಯುತ್ತಾರೆ. ಫ್ರೇಮ್ ಸರಿಯಾಗಿಯೇ ಇರುತ್ತದೆ, ಗಾಳಿ ತುಂಬಿರುವುದಿಲ್ಲ ಅಷ್ಟೇ. ಇದರ ತಿರುಗುಮುರುಗೂ ಉಂಟು. ಫ್ರೇಮ್ ಒಂದು ಸೈಜ್ ಚಿಕ್ಕದಿದ್ದರೂ ಒಳ್ಳೆಯ ಟೈರು ಮತ್ತು ಮೆತ್ತನೆಯ ಗ್ರಿಪ್ಪು ಅದನ್ನು ಅರ್ಧ ಗಂಟೆ ಮರೆಸಿಬಿಡಬಲ್ಲವು.

ಸೈಕಲ್ಲಿನಲ್ಲಿ ಆಮೇಲೆ ಬದಲಾಯಿಸಬಹುದಾದದ್ದು ಬಹಳ ಇದೆ: ಟೈರು, ಸೀಟು, ಹ್ಯಾಂಡಲ್, ಅದನ್ನು ಹಿಡಿದಿಡುವ ಸ್ಟೆಮ್, ಪೆಡಲ್, ಬ್ರೇಕ್ ಪ್ಯಾಡು, ದುಡ್ಡಿದ್ದರೆ ಚಕ್ರಗಳೂ. ಬದಲಾಗದೆ ಉಳಿಯುವುದು ಮೂರೇ. ಫ್ರೇಮಿನ ಅಳತೆ, ಅದರ ಕೋನಗಳು, ಹಿಂದಿನ ಚಕ್ರ ಮೇಲೇಳುವಾಗ ಹಿಡಿಯುವ ದಾರಿ. ಟೆಸ್ಟ್ ರೈಡಿನಲ್ಲಿ ಜೋರಾಗಿ ಮಾತಾಡುವುದು ಮಾತ್ರ ಬದಲಾಯಿಸಬಹುದಾದವೇ. ಮೊದಲು ಅವುಗಳ ಬಾಯಿ ಮುಚ್ಚಿಸಿದರೆ ಉಳಿದ ಮೂರರ ಮಾತು ಕೇಳಿಸುತ್ತದೆ.

ಅದಕ್ಕೆ ಮನೆಯಿಂದಲೇ ಒಂದಿಷ್ಟು ಸಾಮಾನು ಒಯ್ಯಬೇಕು. ಸ್ವಂತ ಪೆಡಲ್ ಮತ್ತು ಸ್ವಂತ ಶೂ ಬೇಕೇ ಬೇಕು. ಕಾಲಿಗೆ ಒಗ್ಗದ ಪೆಡಲಿನ ಮೇಲೆ ನಿಂತವರ ಗಮನವೆಲ್ಲ ಕಾಲಿನಲ್ಲೇ ಇರುತ್ತದೆ. ಪೆಡಲ್ ಬಿಚ್ಚಲು 8 ಅಥವಾ 6 ಮಿ.ಮೀ. ಅಲೆನ್ ಕೀ, ಇಲ್ಲವೇ 15 ಮಿ.ಮೀ. ಸ್ಪ್ಯಾನರ್ ಸಾಕು. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ ಎಂಬುದು ನೆನಪಿರಲಿ. ನಿಮ್ಮ ಸೀಟು ನಿಮಗೆ ಒಗ್ಗಿದ್ದರೆ ಅದನ್ನೂ ಒಯ್ಯಿರಿ, ಜೋಡಿಸಲು ಐದು ನಿಮಿಷ ಹಿಡಿಯುತ್ತದೆ. ಜೊತೆಗೆ ಒಂದು ಟೇಪು, ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು, ಟೈರಿನ ಒತ್ತಡ ನೋಡುವ ಗೇಜ್, ಒಂದು ಶಾಕ್ ಪಂಪ್. ಶಾಕ್ ಪಂಪ್ ಅಂಗಡಿಯಲ್ಲೂ ಇರುತ್ತದೆ, ಟ್ರೇಲಿಗೆ (ಕಲ್ಲುಮಣ್ಣಿನ ಕಾಡುದಾರಿಗೆ) ಕೊಟ್ಟು ಕಳಿಸುತ್ತಾರೆಯೇ ಎಂಬುದು ಬೇರೆ ಮಾತು. ಟೈರಿಗೆ ಗಾಳಿ ಹಾಕುವ ಮಾಮೂಲಿ ಪಂಪು ಇಲ್ಲಿ ಕೆಲಸಕ್ಕೆ ಬಾರದು. ಶಾಕಿಗೆ ಬೇಕಾದ ಒತ್ತಡ 150ರಿಂದ 250 ಪಿಎಸ್‌ಐ ಆಸುಪಾಸು, ಗಾಳಿಯ ಪ್ರಮಾಣ ಮಾತ್ರ ಒಂದು ಹಿಡಿಯಷ್ಟು.

ಹೊರಡುವ ಮುನ್ನ ನಿಮ್ಮ ಈಗಿನ ಸೈಕಲ್ಲಿನ ಎರಡು ಅಳತೆ ಬರೆದುಕೊಳ್ಳಿ. ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಒಂದು. ಕ್ರ್ಯಾಂಕಿನ ಉದ್ದ ಇನ್ನೊಂದು, ಅದು ಕ್ರ್ಯಾಂಕಿನ ಒಳಮೈಯಲ್ಲೇ 165, 170 ಅಥವಾ 175 ಎಂದು ಅಚ್ಚಾಗಿರುತ್ತದೆ. ಹೊಸದರ ಕ್ರ್ಯಾಂಕ್ 5 ಮಿ.ಮೀ. ಗಿಡ್ಡವಾಗಿದ್ದರೆ ಸೀಟನ್ನು 5 ಮಿ.ಮೀ. ಏರಿಸಿ. ಸೀಟಿನ ಎತ್ತರ ತಪ್ಪಿದ್ದರೆ "ಈ ಸೈಕಲ್ ಏರು ಹತ್ತೋದಿಲ್ಲ" ಎಂಬ ತೀರ್ಮಾನಕ್ಕೆ ಬೆಲೆಯಿಲ್ಲ.

ಇನ್ನು ಸ್ಯಾಗ್. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸವಾರ ಸುಮ್ಮನೆ ಹತ್ತಿ ನಿಂತಾಗ ಅವನ ತೂಕಕ್ಕೆ ಸಸ್ಪೆನ್ಷನ್ ಎಷ್ಟು ಇಳಿಯುತ್ತದೋ ಅದು ಸ್ಯಾಗ್. ಟ್ರೇಲ್ ಸೈಕಲ್ಲಿಗೆ ಹಿಂದೆ ಶೇ. 25ರಿಂದ 30, ಮುಂಚಕ್ರ ಹಿಡಿದಿರುವ ಫೋರ್ಕಿಗೆ ಶೇ. 20ರ ಆಸುಪಾಸು ಎಂಬುದು ರೂಢಿ. ಹಿಂದೆ ಅಳೆಯಬೇಕಾದದ್ದು ಚಕ್ರದ ಚಲನೆಯನ್ನಲ್ಲ, ಶಾಕಿನ ದಂಡದ ಚಲನೆಯನ್ನು. ಶಾಕಿನ ಅಳತೆ 210×55 ಎಂದಿದ್ದರೆ 55 ಮಿ.ಮೀ. ಅದರ ಪೂರ್ತಿ ಚಲನೆ, ಅದರ ಶೇ. 30 ಎಂದರೆ ಹದಿನಾರೂವರೆ ಮಿ.ಮೀ. 140 ಮಿ.ಮೀ. ಫೋರ್ಕಿನಲ್ಲಿ ಶೇ. 20 ಎಂದರೆ 28 ಮಿ.ಮೀ.

ಅಳೆಯುವಾಗ ಹೆಲ್ಮೆಟ್, ಶೂ, ನೀರು ತುಂಬಿದ ಬ್ಯಾಗು ಎಲ್ಲ ಮೈಮೇಲೆ ಇರಬೇಕು. ಎರಡು ಲೀಟರ್ ನೀರೇ ಎರಡು ಕಿಲೋ ತೂಗುತ್ತದೆ. ಶಾಕಿನ ಪಕ್ಕದ ಲಿವರ್ ಓಪನ್‌ನಲ್ಲಿದೆಯೇ ನೋಡಿಕೊಳ್ಳಿ. ಹಲವು ಸಲ ಅಂಗಡಿಯವರು ಅದನ್ನು ಲಾಕ್ ಮಾಡಿಟ್ಟಿರುತ್ತಾರೆ, ಇಡೀ ಟೆಸ್ಟ್ ರೈಡ್ ಹಾಗೆಯೇ ಮುಗಿದುಹೋಗುವುದೂ ಉಂಟು. ಗೋಡೆ ಹಿಡಿದು ಪೆಡಲಿನ ಮೇಲೆ ನಿಲ್ಲಿ, ಮೊಣಕಾಲು ಮೊಣಕೈ ಸ್ವಲ್ಪ ಬಾಗಿರಲಿ, ಎರಡು ಮೂರು ಸಲ ಮೆಲ್ಲಗೆ ಕುಕ್ಕಿ ಸುಮ್ಮನಾಗಿ. ಜೊತೆಗಿರುವವರು ಶಾಕಿನ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವಂತೆ ತಳ್ಳಲಿ. ಆಮೇಲೆ ಬ್ರೇಕ್ ಒತ್ತದೆ, ಕುಲುಕದೆ ಇಳಿದು ಸ್ಕೇಲಿನಿಂದ ಅಳೆಯಿರಿ. ಬ್ರೇಕ್ ಹಿಡಿದರೆ ಹಿಂದಿನ ಸಸ್ಪೆನ್ಷನ್ ಸರಾಗವಾಗಿ ಇಳಿಯುವುದಿಲ್ಲ, ಅಳತೆ ಸುಳ್ಳಾಗುತ್ತದೆ. ಉಂಗುರ ಇಲ್ಲದಿದ್ದರೆ ದಂಡಕ್ಕೆ ಒಂದು ತೆಳು ಜಿಪ್ ಟೈ ಸಡಿಲವಾಗಿ ಕಟ್ಟಿದರಾಯಿತು. ಅದರ ಬಾಲ ದಂಡವನ್ನು ಗೀಚದಂತೆ ನೋಡಿಕೊಳ್ಳಿ.

ಆರಂಭಕ್ಕೆ ಎಷ್ಟು ಗಾಳಿ? ಸಾಮಾನು ಸಮೇತ ನಿಮ್ಮ ತೂಕವನ್ನು ಪೌಂಡಿಗೆ ಬದಲಿಸಿ, ಅಷ್ಟೇ ಪಿಎಸ್‌ಐ ತುಂಬಿ. 77 ಕಿಲೋ ಎಂದರೆ ಸುಮಾರು 170. ಇದು ಬರೀ ಆರಂಭ. ಫ್ರೇಮಿನ ಲಿವರೇಜ್‌ಗೆ, ಅಂದರೆ ಶಾಕ್ ಒಂದು ಮಿ.ಮೀ. ಒತ್ತಿದರೆ ಚಕ್ರ ಎಷ್ಟು ಏಳುತ್ತದೆ ಎಂಬುದಕ್ಕೆ, ತಕ್ಕಂತೆ ಹತ್ತಿಪ್ಪತ್ತು ಪಿಎಸ್‌ಐ, ಕೆಲವೊಮ್ಮೆ ಇನ್ನೂ ಹೆಚ್ಚು, ಆಚೀಚೆ ಆಗುತ್ತದೆ. ಫೋರ್ಕಿಗೆ ಬೇಕಾದ ಒತ್ತಡದ ಪಟ್ಟಿ ರಾಕ್‌ಶಾಕ್ಸ್ ಕಂಪನಿಯ ಎಷ್ಟೋ ಫೋರ್ಕುಗಳ ಕಾಲಿನ ಮೇಲೇ ಅಂಟಿಸಿರುತ್ತದೆ. ಒಂದು ಎಚ್ಚರ ಬೇಕು. ಏರ್ ಶಾಕಿನೊಳಗೆ ಎರಡು ಕೋಣೆಗಳಿವೆ, ಒಂದು ಹೊರಕ್ಕೆ ದಬ್ಬುವುದು, ಇನ್ನೊಂದು ಒಳಕ್ಕೆ ಎಳೆಯುವುದು. ಪಂಪು ತುಂಬುವುದು ಮೊದಲನೆಯದನ್ನು. ಎರಡೂ ಸಮವಾಗಬೇಕಾದರೆ ಪ್ರತಿ 50 ಪಿಎಸ್‌ಐಗೊಮ್ಮೆ ನಿಲ್ಲಿಸಿ ಸೀಟನ್ನು ನಿಧಾನವಾಗಿ ಹತ್ತು ಸಲ ಒತ್ತಬೇಕು. ಒತ್ತಿದ ಮೇಲೆ ಗೇಜಿನ ಮುಳ್ಳು ಕೆಳಗಿಳಿಯುತ್ತದೆ, ಗಾಬರಿ ಬೇಡ, ಮತ್ತೆ ತುಂಬಿ. ಹೀಗೆ ಮಾಡದೆ ಹತ್ತಿದರೆ ಅಂಗಡಿಯಲ್ಲಿ ಸರಿಯಿದ್ದ ಸ್ಯಾಗ್ ಟ್ರೇಲಿನ ಮೊದಲ ನೂರು ಮೀಟರಿನಲ್ಲೇ ಕೆಡುತ್ತದೆ. ಪಂಪು ಬಿಚ್ಚುವಾಗ ಬರುವ 'ಟುಸ್' ಶಬ್ದ ಪಂಪಿನ ಕೊಳವೆಯ ಗಾಳಿಯದು, ಶಾಕಿನದಲ್ಲ.

ಸ್ಯಾಗ್ ತಪ್ಪಿದರೆ ಎಷ್ಟು ವ್ಯತ್ಯಾಸ ಆದೀತು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. 140 ಮಿ.ಮೀ. ಚಲನೆಯ ಹಿಂಚಕ್ರ ಶೇ. 30ರ ಬದಲು ಶೇ. 40 ಇಳಿದರೆ ಹಿಂಭಾಗ 14 ಮಿ.ಮೀ. ಹೆಚ್ಚು ಕುಸಿಯುತ್ತದೆ. ಎರಡು ಚಕ್ರಗಳ ನಡುವಿನ ಅಂತರ 1,200 ಮಿ.ಮೀ. ಎಂದುಕೊಂಡರೆ ಇಡೀ ಸೈಕಲ್ ಡಿಗ್ರಿಯ ಮೂರನೇ ಎರಡು ಭಾಗದಷ್ಟು ಹಿಂದಕ್ಕೆ ವಾಲುತ್ತದೆ, ಕ್ರ್ಯಾಂಕ್ ಸುಮಾರು 9 ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ. ಕಂಪನಿಗಳು ಹೊಸ ಮಾಡೆಲ್ಲಿನಲ್ಲಿ ಮುಂಭಾಗದ ಕೋನವನ್ನು ಅರ್ಧ ಡಿಗ್ರಿ ಬದಲಿಸಿ ಅದನ್ನೇ ದೊಡ್ಡದಾಗಿ ಜಾಹೀರಾತು ಮಾಡುತ್ತವೆ. ಅದಕ್ಕಿಂತ ದೊಡ್ಡ ಬದಲಾವಣೆ ನಿಮ್ಮ ಪಂಪಿನ ನಾಲ್ಕು ಒತ್ತಿನಲ್ಲಿದೆ.

ಕಾಯಿಲ್ ಸ್ಪ್ರಿಂಗಿನ ಶಾಕ್ ಇದ್ದರೆ ಈ ಅನುಕೂಲ ಇಲ್ಲ. ಸ್ಯಾಗ್ ಸರಿಪಡಿಸಲು ಸ್ಪ್ರಿಂಗನ್ನೇ ಬದಲಾಯಿಸಬೇಕು. ಉಂಗುರ ತಿರುಗಿಸಿ ಬಿಗಿ ಮಾಡುವುದು ಸಣ್ಣ ತಿದ್ದುಪಡಿಗೆ ಮಾತ್ರ. ನಿಮ್ಮ ತೂಕದ ಸ್ಪ್ರಿಂಗ್ ಅಂಗಡಿಯಲ್ಲಿ ಇಲ್ಲವೆಂದರೆ ಆ ದಿನದ ಟೆಸ್ಟ್ ರೈಡ್ ಬಿಟ್ಟುಬಿಡಿ.

ರೀಬೌಂಡ್ ಎಂದರೆ ಒತ್ತಿದ ಸಸ್ಪೆನ್ಷನ್ ವಾಪಸ್ ಏಳುವ ವೇಗ. ಸಾಮಾನ್ಯವಾಗಿ ಕೆಂಪು ಗುಂಡಿ ಅದರದ್ದು, ಬಲಕ್ಕೆ ತಿರುಗಿಸಿದರೆ ನಿಧಾನ. ಪೂರ್ತಿ ಬಲಕ್ಕೆ ಮುಚ್ಚಿ, ಅಲ್ಲಿಂದ ಎಡಕ್ಕೆ ಎಷ್ಟು ಕ್ಲಿಕ್ ಬಿಚ್ಚಿದಿರಿ ಎಂದು ಎಣಿಸಿ, ಮೊದಲಿಗೆ ಒಟ್ಟು ಕ್ಲಿಕ್ಕುಗಳ ಅರ್ಧದಲ್ಲಿ ನಿಲ್ಲಿಸಿ. ಆಮೇಲೆ ಫುಟ್‌ಪಾತಿನ ಅಂಚಿನಿಂದ ಸೀಟಿನ ಮೇಲೆ ಕೂತೇ ಮೆಲ್ಲಗೆ ಇಳಿಯಿರಿ. ಸೈಕಲ್ ಕುಸಿದು, ಎದ್ದು, ಒಂದೇ ಸಲ ಸಣ್ಣಗೆ ತೂಗಿ ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ವೇಗ ಹೆಚ್ಚಾಗಿದೆ, ಎರಡು ಕ್ಲಿಕ್ ನಿಧಾನ ಮಾಡಿ. ಅತಿ ವೇಗದ ರೀಬೌಂಡ್ ಹಂಪಿನ ಮೇಲೆ ಸವಾರನನ್ನು ಹಿಂದಿನಿಂದ ಒದ್ದ ಹಾಗೆ ಎತ್ತುತ್ತದೆ. ಅತಿ ನಿಧಾನದ್ದು ಇನ್ನೂ ಮೋಸದ್ದು. ಒಂದರ ಹಿಂದೆ ಒಂದು ಕಲ್ಲು ಬಂದಾಗ ಶಾಕ್ ಏಳುವಷ್ಟರಲ್ಲಿ ಮುಂದಿನ ಏಟು ಬೀಳುತ್ತದೆ, ಪ್ರತಿ ಏಟಿಗೂ ಇನ್ನಷ್ಟು ಕೆಳಗಿಳಿದು ಕೊನೆಗೆ ಗಟ್ಟಿ ಕಂಬಿಯಂತಾಗುತ್ತದೆ. ಸವಾರನಿಗೆ ಆಗ ಶಾಕ್ ತೀರಾ ಗಟ್ಟಿ ಅನ್ನಿಸುತ್ತದೆ, ಗಾಳಿ ಬಿಡುತ್ತಾನೆ, ಇನ್ನೂ ಕೆಡುತ್ತದೆ.

ಟೈರಿನ ಮಾತು ಚುಟುಕಾಗಿ. ಅಂಗಡಿಯಲ್ಲಿ ನಿಂತ ಸೈಕಲ್ಲಿನಲ್ಲಿ 35-40 ಪಿಎಸ್‌ಐ ಇರುವುದು ಸಾಮಾನ್ಯ. 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ 70 ಕಿಲೋ ಸವಾರನಿದ್ದರೆ ಮುಂದೆ 22, ಹಿಂದೆ 25ರಿಂದ ಶುರು ಮಾಡಿ. ಒಳಗೆ ಟ್ಯೂಬ್ ಇದ್ದರೆ ನಾಲ್ಕೈದು ಪಿಎಸ್‌ಐ ಸೇರಿಸಿ, ಇಲ್ಲದಿದ್ದರೆ ಬಂಡೆಯ ಅಂಚಿಗೆ ಟ್ಯೂಬ್ ಸಿಕ್ಕು ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಎರಡು ಸೈಕಲ್ ಹೋಲಿಸುವುದಾದರೆ ಎರಡರಲ್ಲೂ ಒಂದೇ ಒತ್ತಡ, ಒಂದೇ ಗೇಜ್. ಗೇಜುಗಳು ಒಂದಕ್ಕೊಂದು ಹೊಂದುವುದಿಲ್ಲ.

ಸೈಜಿನ ವಿಚಾರದಲ್ಲಿ ಅಂಗಡಿಯವರ 'ಎಂ', 'ಎಲ್' ಅಕ್ಷರಗಳನ್ನು ನಂಬಿ ಕೂರಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ಗೆ ಸಮ ಇರಬಹುದು. ನೋಡಬೇಕಾದ ಸಂಖ್ಯೆ ರೀಚ್, ಅಂದರೆ ಕ್ರ್ಯಾಂಕಿನ ನಡುವಿನಿಂದ ಮುಂಭಾಗದಲ್ಲಿ ಫೋರ್ಕ್ ಕೂರುವ ಹೆಡ್‌ಟ್ಯೂಬಿನ ಮೇಲ್ತುದಿಯವರೆಗಿನ ಅಡ್ಡ ಅಂತರ. ಇದು ಎದ್ದು ನಿಂತು ಓಡಿಸುವಾಗಿನ ಉದ್ದ. ಸೀಟನ್ನು ಹಿಂದೆ ಮುಂದೆ ಸರಿಸಿದರೆ ಕೂತಾಗಿನ ಉದ್ದ ಬದಲಾಗುತ್ತದೆ, ರೀಚ್ ಬದಲಾಗುವುದಿಲ್ಲ. ಟಾಪ್ ಟ್ಯೂಬಿನ ಉದ್ದ ಒಂದೇ ಇದ್ದ ಎರಡು ಸೈಕಲ್ ಇಳಿಜಾರಿನಲ್ಲಿ ಬೇರೆ ಬೇರೆ ಅನ್ನಿಸುವುದು ಇದೇ ಕಾರಣಕ್ಕೆ. 175 ಸೆಂ.ಮೀ. ಎತ್ತರದವರು ಹೆಚ್ಚಿನ ಕಂಪನಿಗಳಲ್ಲಿ ಮೀಡಿಯಂ ಮತ್ತು ಲಾರ್ಜ್‌ನ ಗಡಿಯ ಹತ್ತಿರ ಬೀಳುತ್ತಾರೆ, ಅಂಥವರು ಎರಡನ್ನೂ ಹತ್ತಿ ನೋಡಲೇಬೇಕು. ದಾಸ್ತಾನಿನಲ್ಲಿ ಇರುವ ಸೈಜೇ ನಿಮ್ಮ ಸೈಜು ಎಂದು ಹೇಳುವ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಡಿ. ಸ್ಟೆಮ್ 50ರಿಂದ 35 ಮಿ.ಮೀ.ಗೆ ಇಳಿಸಿ ಸ್ವಲ್ಪ ಹೊಂದಿಸಬಹುದು ನಿಜ, ಆದರೆ ಅದು ಒಂದು ಸೈಜಿನ ತಪ್ಪನ್ನು ಮುಚ್ಚುವುದಿಲ್ಲ.

155 ಸೆಂ.ಮೀ. ಆಸುಪಾಸಿನವರು, ನಮ್ಮಲ್ಲಿ ಹೆಂಗಸರು ಹೆಚ್ಚಾಗಿ ಈ ಗುಂಪಿನವರು, ಇನ್ನೆರಡು ಸಂಗತಿ ನೋಡಬೇಕು. ಡ್ರಾಪರ್ ಪೋಸ್ಟ್ (ಗುಂಡಿ ಒತ್ತಿದರೆ ಇಳಿಯುವ ಸೀಟಿನ ಕಂಬ) ಪೂರ್ತಿ ಎದ್ದಾಗ ಸೀಟಿನ ಎತ್ತರ ನಿಮಗೆ ಸರಿಹೊಂದುವಷ್ಟು ಆ ಪೋಸ್ಟು ಫ್ರೇಮಿನೊಳಗೆ ಇಳಿಯುತ್ತದೆಯೇ? ಹಲವು ಫ್ರೇಮುಗಳಲ್ಲಿ ಸೀಟ್ ಟ್ಯೂಬಿನ ಒಳಗಿನ ತಿರುವೋ ಬೋಲ್ಟೋ ಅಡ್ಡ ಬರುತ್ತದೆ. ಎರಡನೆಯದು, 50-55 ಕಿಲೋ ತೂಕಕ್ಕೆ ಶಾಕಿನ ಒತ್ತಡ ಕಡಿಮೆ ಇರುತ್ತದೆ, ಆಗ ರೀಬೌಂಡ್ ಪೂರ್ತಿ ಬಿಚ್ಚಿದರೂ ನಿಧಾನವೇ ಅನ್ನಿಸಬಹುದು. ಹಾಗಾದರೆ ಆ ಶಾಕಿನ ಒಳಗಿನ ಟ್ಯೂನ್ ಭಾರದ ಸವಾರರಿಗೆ ಮಾಡಿದ್ದು. ಗುಂಡಿ ತಿರುಗಿಸಿ ಅದನ್ನು ಸರಿಮಾಡಲಾಗದು.

ಇಷ್ಟಾದ ಮೇಲೆ ಹತ್ತುವುದು. ಹತ್ತುವ ಮುನ್ನ ಬ್ರೇಕ್ ಲಿವರುಗಳಲ್ಲಿ ಯಾವುದು ಯಾವ ಚಕ್ರದ್ದು ಎಂದು ತಳ್ಳಿ ನೋಡಿ. ನಮ್ಮ ಮೋಟರ್ ಬೈಕುಗಳಲ್ಲಿ ಬಲಗೈಯದು ಮುಂದಿನ ಬ್ರೇಕು, ಅಮೆರಿಕದ ಸೈಕಲ್ಲುಗಳಲ್ಲಿ ಎಡಗೈಯದು. ಆಮದಾದ ಸೈಕಲ್ ಹೇಗಾದರೂ ಬಂದಿರಬಹುದು. ಇಳಿಜಾರಿನಲ್ಲಿ ಹಿಂದಿನದೆಂದು ಮುಂದಿನದನ್ನು ಗಟ್ಟಿಯಾಗಿ ಹಿಡಿದವರು ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುತ್ತಾರೆ. ಇನ್ನೊಂದು, ಹೊಸ ಡಿಸ್ಕಿನ ಮೇಲೆ ಪ್ಯಾಡಿನ ಪದರ ಕೂರುವವರೆಗೆ ಯಾವ ಬ್ರೇಕೂ ಪೂರ್ತಿ ಹಿಡಿಯುವುದಿಲ್ಲ. ಸಾಧಾರಣ ವೇಗದಿಂದ ಇಪ್ಪತ್ತು ಸಲ, ಇನ್ನೂ ಸ್ವಲ್ಪ ಜೋರಿನಿಂದ ಹತ್ತು ಸಲ, ಚಕ್ರ ಲಾಕ್ ಆಗದಂತೆ ನಡಿಗೆಯ ವೇಗಕ್ಕೆ ಇಳಿಸಿದರೆ ಹಿಡಿತ ಬರುತ್ತದೆ. ಅಂಗಡಿಯ ಹೊಸ ಸೈಕಲ್ಲಿನ ಬ್ರೇಕ್ ಸಪ್ಪೆ ಎಂದು ಅದನ್ನು ತಳ್ಳಿಹಾಕುವ ಮುನ್ನ ಇಷ್ಟು ಮಾಡಿ.

ಎಲ್ಲಿ ಓಡಿಸಬೇಕು? ಬೆಂಗಳೂರಿನವರಿಗೆ ತಕ್ಷಣ ನಂದಿ ಬೆಟ್ಟ ನೆನಪಾಗುತ್ತದೆ. ನಂದಿಯ ಟಾರು ರಸ್ತೆಯಲ್ಲಿ ಫುಲ್ ಸಸ್ಪೆನ್ಷನ್ ಪರೀಕ್ಷಿಸುವುದು ಉಳುವ ಎತ್ತನ್ನು ಮೆರವಣಿಗೆಯಲ್ಲಿ ನಡೆಸಿ ನೋಡಿದ ಹಾಗೆ. ತುರಹಳ್ಳಿಯ ಕಡೆಯ ಕಪ್ಪು ಬಂಡೆ ಹಾಸು, ಯಲಹಂಕದಾಚೆ ಅವಲಹಳ್ಳಿಯ ಕಾಡುದಾರಿ, ರಾಮನಗರದ ಸುತ್ತಿನ ಗಟ್ಟಿ ನೆಲದ ಮೇಲಿನ ಸಡಿಲ ಜಲ್ಲಿ, ಇಂಥವೇ ಬೇಕು. ಅರಣ್ಯ ಇಲಾಖೆಯ ಜಾಗಗಳಲ್ಲಿ ಸೈಕಲ್ಲಿಗೆ ಅನುಮತಿ ಇದೆಯೇ, ಯಾವ ಹೊತ್ತಿಗೆ ಎಂದು ಮೊದಲೇ ಕೇಳಿಕೊಳ್ಳಿ. ಅಂಗಡಿಯವರು ಅಷ್ಟು ದೂರ ಬಿಡುವುದಿಲ್ಲ ಎಂದರೆ ಪಾರ್ಕಿನ ನಾಲ್ಕೈದು ಮೆಟ್ಟಿಲು, ಕಟ್ಟಡ ಕಟ್ಟುವ ಜಾಗದ ಮಣ್ಣಿನ ದಿಬ್ಬ, ಅಗೆದು ಮುಚ್ಚದ ರಸ್ತೆ. ಕೊನೆಯದಕ್ಕೆ ನಮ್ಮ ಊರಿನಲ್ಲಿ ಎಂದೂ ಬರವಿಲ್ಲ.

ಒಂದು ದೊಡ್ಡ ಸುತ್ತಿಗಿಂತ ಐದಾರು ನಿಮಿಷದ ಸಣ್ಣ ಸುತ್ತು ಮೇಲು, ಅದನ್ನೇ ಮೂರು ಸಲ ಓಡಿಸಿ. ಮೊದಲ ಸುತ್ತಿನಲ್ಲಿ ಮೈ ಹೊಸ ಸೈಕಲ್ಲಿಗೆ ಒಗ್ಗುತ್ತಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಸೈಕಲ್ ಇದ್ದರೆ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು ಎಂಬ ಕ್ರಮ ಇರಲಿ. ಎರಡನೆಯ ಸಲ ಹತ್ತಿದಾಗಲೇ ಮೊದಲನೆಯದರ ಗುಣ ಗೊತ್ತಾಗುತ್ತದೆ. ಸುತ್ತುಗಳ ನಡುವೆ ಒಂದೇ ಒಂದು ಸಂಗತಿ ಬದಲಿಸಿ. ಗಾಳಿ, ಕ್ಲಿಕ್, ಸೀಟು ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು.

ಏರಿನಿಂದ ಶುರು ಮಾಡಿ. ಶಾಕ್ ಓಪನ್‌ನಲ್ಲೇ ಇರಲಿ, ಹಗುರ ಗೇರ್ ಹಾಕಿ, ಕೂತೇ ತುಳಿಯಿರಿ. ಮುಂದಿನ ಚಕ್ರ ನೆಲ ಬಿಟ್ಟು ಅಲೆದಾಡಿದರೆ ಸೀಟ್ ಟ್ಯೂಬಿನ ಕೋನ ನಿಮಗೆ ಹಿಂದಕ್ಕಾಯಿತು ಎಂದರ್ಥ, ಅಥವಾ ಹಿಂದಿನ ಸ್ಯಾಗ್ ಹೆಚ್ಚಾಗಿದೆ. ಈಗಿನ ಟ್ರೇಲ್ ಸೈಕಲ್ಲುಗಳಲ್ಲಿ ಈ ಕೋನ 75ರಿಂದ 77 ಡಿಗ್ರಿ ಎಂದು ಬರೆದಿರುತ್ತಾರೆ, ಆದರೆ ಅದು ಒಂದು ನಿರ್ದಿಷ್ಟ ಸೀಟಿನ ಎತ್ತರಕ್ಕೆ ಹೇಳಿದ ಲೆಕ್ಕ. ಕಾಲು ಉದ್ದವಿರುವವರು ಸೀಟು ಏರಿಸಿದಂತೆಲ್ಲ ಹಿಂದಕ್ಕೆ ಸರಿಯುತ್ತಾರೆ. ಎತ್ತರದವರಿಗೆ ಕಾಗದದ ಮೇಲಿನ ಸಂಖ್ಯೆ ಒಂದು, ಏರಿನಲ್ಲಿ ಅನುಭವ ಇನ್ನೊಂದು.

ತುಳಿಯುವಾಗ ಸೈಕಲ್ ಕುಣಿಯುವುದಕ್ಕೆ ಬಾಬ್ ಎನ್ನುತ್ತಾರೆ. ಪಾರ್ಕಿಂಗ್ ಜಾಗದಲ್ಲಿ ಎದ್ದು ನಿಂತು ತುಳಿದು ಬಾಬ್ ನೋಡುವುದು ವ್ಯರ್ಥ, ಹಾಗೆ ತುಳಿದರೆ ಎಲ್ಲವೂ ಕುಣಿಯುತ್ತವೆ. ಕೂತು ಒಂದೇ ಲಯದಲ್ಲಿ ತುಳಿದಾಗ ಶಾಕಿನ ದಂಡ ಎಷ್ಟು ಆಡುತ್ತದೆ ಎಂಬುದು ಮುಖ್ಯ. ಚೈನಿನ ಎಳೆತ ಹಿಂದಿನ ತೋಳನ್ನು ಕೆಳಕ್ಕೆ ಒತ್ತಿ ಸವಾರನ ತೂಕದ ತೂಗಾಟವನ್ನು ತಡೆಯುವಂತೆ ಪಿವಟ್ಟುಗಳನ್ನು (ಆ ತೋಳಿನ ಕೀಲುಗಳನ್ನು) ಇಟ್ಟಿರುತ್ತಾರೆ. ಗೇರ್ ಬದಲಾದಂತೆ ಚೈನಿನ ಕೋನ ಬದಲಾಗುವುದರಿಂದ ಈ ತಡೆಯೂ ಬದಲಾಗುತ್ತದೆ, ಆದ್ದರಿಂದ ಎರಡು ಮೂರು ಗೇರುಗಳಲ್ಲಿ ನೋಡಿ. ಈ ತಡೆ ಅತಿಯಾದರೆ ಅದಕ್ಕೂ ಬೆಲೆ ತೆರಬೇಕು. ಕಲ್ಲು ಬೇರುಗಳ ಏರಿನಲ್ಲಿ ಚಕ್ರ ಮೇಲೆದ್ದಾಗಲೆಲ್ಲ ಚೈನು ಎಳೆದು ಪೆಡಲನ್ನು ಹಿಂದಕ್ಕೆ ಒದೆಯುತ್ತದೆ, ಹಿಂದಿನ ದೊಡ್ಡ ಹಲ್ಲುಚಕ್ರದಲ್ಲಿ ಇದು ಹೆಚ್ಚು. ಪಾದಕ್ಕೆ ಆ ಒದೆತ ಸಿಕ್ಕರೆ ಗುರುತು ಹಾಕಿಕೊಳ್ಳಿ, ಯಾಕೆಂದರೆ ಅದು ಫ್ರೇಮಿನ ಹುಟ್ಟುಗುಣ. ಒಂದು ಲಿವರ್ ಒತ್ತಿದರೆ ಬಾಬ್ ನಿಲ್ಲುತ್ತದೆ, ಒದೆತಕ್ಕೆ ಲಿವರ್ ಇಲ್ಲ. ಹಾಗಾಗಿ ಇವೆರಡರಲ್ಲಿ ಒಂದನ್ನು ಸಹಿಸಿಕೊಳ್ಳಬೇಕೆಂದರೆ ಸ್ವಲ್ಪ ಬಾಬ್ ಇರುವ ಸೈಕಲ್ಲೇ ವಾಸಿ.

ಪಿವಟ್ಟುಗಳ ಜೋಡಣೆಯ ಹೆಸರುಗಳ ಬಗ್ಗೆ ಅಂಗಡಿಯಲ್ಲಿ ಬಹಳ ಭಾಷಣ ನಡೆಯುತ್ತದೆ: ಹಾರ್ಸ್ಟ್ ಲಿಂಕ್, ವಿಪಿಪಿ, ಮೇಸ್ಟ್ರೋ, ಡಿಡಬ್ಲ್ಯೂ ಲಿಂಕ್. ಹಾರ್ಸ್ಟ್ ಲೈಟ್ನರ್ ಎಂಬ ಎಂಜಿನಿಯರ್ ಹೆಸರಿನ ಹಾರ್ಸ್ಟ್ ಲಿಂಕಿನ ಪೇಟೆಂಟನ್ನು ಸ್ಪೆಷಲೈಸ್ಡ್ ಕಂಪನಿ 1998ರಲ್ಲಿ ಕೊಂಡಿತ್ತು. ಆ ಪೇಟೆಂಟಿನ ಅವಧಿ 2013ರಲ್ಲಿ ಮುಗಿದ ಮೇಲೆ ಅದು ಎಲ್ಲರ ಸ್ವತ್ತಾಯಿತು. ಒಂದೇ ಹೆಸರಿನ ಲಿಂಕ್ ಇರುವ ಎರಡು ಸೈಕಲ್ ಪೂರ್ತಿ ಬೇರೆಯಾಗಿ ಓಡಬಹುದು, ಏಕೆಂದರೆ ಪಿವಟ್ ಎಲ್ಲಿದೆ ಎಂಬುದರ ಕೆಲವು ಮಿ.ಮೀ.ಗಳೇ ಗುಣ ತೀರ್ಮಾನಿಸುತ್ತವೆ. ಹೆಸರು ಕೇಳಿ ತಲೆಯಾಡಿಸಿ, ಆಮೇಲೆ ಓಡಿಸಿ ನೋಡಿ.

ಮುಂದಿನದು ಸಮತಟ್ಟಾದ, ಕಲ್ಲು ತುಂಬಿದ ತುಂಡು ದಾರಿ. ಇಲ್ಲಿ ಪೆಡಲ್ ಎಷ್ಟು ಸಲ ನೆಲಕ್ಕೆ ತಾಗುತ್ತದೆ ಎಣಿಸಿ. ಸ್ಯಾಗ್ ಸರಿಯಿದ್ದೂ ಪದೇಪದೇ ತಾಗಿದರೆ ಆ ಫ್ರೇಮಿನ ಕ್ರ್ಯಾಂಕ್ ನಮ್ಮ ಬಂಡೆ ನೆಲಕ್ಕೆ ತಗ್ಗಾಯಿತು. 170ರ ಬದಲು 165ರ ಕ್ರ್ಯಾಂಕ್ ಹಾಕಿದರೆ 5 ಮಿ.ಮೀ. ಸಿಗುತ್ತದೆ, ಅಷ್ಟೇ.

ಇಳಿಜಾರಿನಲ್ಲಿ ನೋಡಬೇಕಾದದ್ದು ವೇಗವಲ್ಲ. ಡ್ರಾಪರ್ ಇಳಿಸಿ, ಪೆಡಲ್ ಸಮವಾಗಿಟ್ಟು ನಿಂತು, ತೂಕ ಕಾಲಿನ ಮೇಲೆ ಬಿಡಿ. ಮುಂದಿನ ಚಕ್ರಕ್ಕೆ ಹಿಡಿತ ಸಿಗಲು ನೀವು ಬೇಕೆಂದೇ ಮುಂದಕ್ಕೆ ಬಾಗಬೇಕಾಗುತ್ತಿದೆಯೇ? ಹೆಡ್ ಆಂಗಲ್ (ಹೆಡ್‌ಟ್ಯೂಬ್ ವಾಲಿದ ಕೋನ) 64 ಡಿಗ್ರಿಯ ಆಸುಪಾಸಿನ ಎಂಡ್ಯೂರೋ ಸೈಕಲ್ಲುಗಳಲ್ಲಿ ಹಾಗಾಗುವುದು ಸಹಜ. ಕಡಿದಾದ ಇಳಿಜಾರಿಗಾಗಿ ಮಾಡಿದವು ಅವು, ನಿಧಾನದ ತಿರುವಿನಲ್ಲಿ ಮುಂಚಕ್ರ ಸೋಮಾರಿಯಂತೆ ಆಚೆ ಜಾರುತ್ತದೆ. 65-66 ಡಿಗ್ರಿಯವು ನಮ್ಮ ಮೈದಾನ ಸೀಮೆಯ ದಾರಿಗಳಿಗೆ ಹೆಚ್ಚು ಒಗ್ಗುತ್ತವೆ. ಆಮೇಲೆ ಉಬ್ಬುತಗ್ಗಿನ ಮೇಲೆ ಹಿಂದಿನ ಬ್ರೇಕ್ ಮಾತ್ರ ಹಿಡಿದು ಇಳಿಯಿರಿ. ಕೆಲವು ಫ್ರೇಮುಗಳಲ್ಲಿ ಬ್ರೇಕ್ ಹಿಡಿದ ಕೂಡಲೇ ಹಿಂದಿನ ಸಸ್ಪೆನ್ಷನ್ ಬಿಗಿಯಾಗಿ ಚಕ್ರ ಟಕಟಕ ಹಾರುತ್ತದೆ. ಬ್ರೇಕ್ ಬಿಟ್ಟಾಗಿನ ಅನುಭವದ ಜೊತೆ ಹೋಲಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟ. ಕೊನೆಗೆ ಒಂದಡಿ ಎತ್ತರದ ಒಂದು ಧುಮುಕು. ರಬ್ಬರ್ ಉಂಗುರವನ್ನು ಮುಂಚೆಯೇ ಸೀಲಿಗೆ ತಳ್ಳಿರಿ. ಸುತ್ತಿನ ಅತಿ ದೊಡ್ಡ ಏಟಿಗೆ ಚಲನೆಯ ಶೇ. 90 ಬಳಕೆಯಾದರೆ ಲೆಕ್ಕ ಸರಿ. ಬರೀ ಫುಟ್‌ಪಾತ್ ಇಳಿದಿದ್ದಕ್ಕೇ ಉಂಗುರ ತುದಿ ಮುಟ್ಟಿದ್ದರೆ ಗಾಳಿ ಕಡಿಮೆ. ಸ್ಯಾಗ್ ಸರಿಯಿದ್ದೂ ಸುಲಭವಾಗಿ ತಳ ಮುಟ್ಟುತ್ತಿದ್ದರೆ ಶಾಕಿನೊಳಗೆ ಗಾಳಿಯ ಜಾಗ ಕಿರಿದು ಮಾಡುವ ಪ್ಲಾಸ್ಟಿಕ್ಕಿನ ವಾಲ್ಯೂಮ್ ಸ್ಪೇಸರ್ ಒಂದೆರಡು ಸೇರಿಸಬಹುದು, ಅದು ಅಗ್ಗದ ಕೆಲಸ.

ಚಲನೆ ಎಷ್ಟಿರಬೇಕು ಎಂಬಲ್ಲಿ ಆಸೆ ಅಡ್ಡ ಬರುತ್ತದೆ. 150 ಮಿ.ಮೀ. ಸೈಕಲ್ ಅಂಗಡಿಯಲ್ಲಿ 120ರದಕ್ಕಿಂತ ಸುಖ ಅನ್ನಿಸುವುದು ನಿಜ. ಬೆಂಗಳೂರು, ತುಮಕೂರು, ಮೈಸೂರು ಕಡೆಯ ದಾರಿಗಳಿಗೆ 120-130 ಸಾಕು, ಏರಿನಲ್ಲಿ ಕಾಲೂ ಉಳಿಯುತ್ತದೆ. ಸಕಲೇಶಪುರ, ಕೊಡಗಿನ ಬೇರು ತುಂಬಿದ ಕಡಿದಾದ ದಾರಿಗಳಲ್ಲೇ ಹೆಚ್ಚು ಓಡಾಡುವವರಿಗೆ 140-150 ಸಾರ್ಥಕ. ಬರೀ ಕೆರೆ ಏರಿ, ಹೊಲದ ಬದುವಿನ ದಾರಿ ಎನ್ನುವವರು ಅದೇ ದುಡ್ಡಿಗೆ ಬರುವ, ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲನ್ನೂ ಒಮ್ಮೆ ಹತ್ತಿ ನೋಡಲಿ. ಅದೇ ಬೆಲೆಗೆ ಒಳ್ಳೆಯ ಫೋರ್ಕು, ಒಳ್ಳೆಯ ಬ್ರೇಕು ಸಿಗುತ್ತವೆ, ನೋಡಿಕೊಳ್ಳಬೇಕಾದ ಹತ್ತಾರು ಬೇರಿಂಗುಗಳು ಇರುವುದಿಲ್ಲ. ಮಲೆನಾಡಿನ ಒಂದು ಮಳೆಗಾಲ ಪಿವಟ್ ಬೇರಿಂಗುಗಳಿಗೆ ಏನು ಮಾಡುತ್ತದೆ ಎಂಬುದು ಗೊತ್ತಿದ್ದವರು ಈ ಮಾತನ್ನು ತಳ್ಳಿಹಾಕುವುದಿಲ್ಲ.

ನಿಮ್ಮ ಸೈಜಿನ, ನಿಮಗೆ ಬೇಕಾದ ಮಾಡೆಲ್ಲೇ ಸಿಗದಿದ್ದರೆ? ಇಲ್ಲಿ ಇದೇ ಹೆಚ್ಚು. ಆಗ ಅದೇ ಫ್ರೇಮಿನ ಕಡಿಮೆ ಬೆಲೆಯ ಮಾಡೆಲ್ ಹುಡುಕಿ ಓಡಿಸಿ. ಅಳತೆ, ಕೋನ, ಪಿವಟ್ ಎಲ್ಲ ಒಂದೇ, ಶಾಕ್ ಮಾತ್ರ ಬೇರೆ ಇರಬಹುದು. ಅದೂ ಇಲ್ಲವಾದರೆ ಗೆಳೆಯರ ಸೈಕಲ್ಲು ನಿಮಗೆ ಸರಿಹೊಂದಿದ್ದರೆ ಅದರ ರೀಚ್ ಮತ್ತು ಸ್ಟ್ಯಾಕ್ (ರೀಚ್ ಅಳೆಯುವ ಅದೇ ಎರಡು ಬಿಂದುಗಳ ನಡುವಿನ ಎತ್ತರ) ಸಂಖ್ಯೆಗಳನ್ನು ಹೊಸದರ ಜೊತೆ ಹೋಲಿಸಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ದಾರಿ ಇನ್ನೂ ಸುಲಭ. ಅಮೆರಿಕದಲ್ಲಿ ಎಷ್ಟೋ ಅಂಗಡಿಗಳು ದಿನದ ಬಾಡಿಗೆಗೆ ಡೆಮೊ ಸೈಕಲ್ ಕೊಟ್ಟು, ಕೊಂಡರೆ ಆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತವೆ. ಯೂಟಾದ ಮೋಆಬ್‌ನಲ್ಲಿ ನಡೆಯುವ ಔಟರ್‌ಬೈಕ್ ಮೇಳ ಇರುವುದೇ ಹಲವು ಕಂಪನಿಗಳ ಸೈಕಲ್ಲುಗಳನ್ನು ಟ್ರೇಲಿನಲ್ಲಿ ಓಡಿಸಿ ನೋಡಲಿಕ್ಕೆ.

ಸೆಕೆಂಡ್ ಹ್ಯಾಂಡ್ ಸೈಕಲ್ಲಾದರೆ ಹತ್ತುವ ಮುನ್ನವೇ ಮೂರು ತಪಾಸಣೆ. ಸೀಟು ಹಿಡಿದು ಕೂದಲೆಳೆಯಷ್ಟು ಮೇಲೆತ್ತಿ. ಹಿಂಚಕ್ರ ಏಳುವ ಮುನ್ನ ಸಣ್ಣದಾಗಿ ಟಕ್ ಎಂದರೆ ಶಾಕಿನ ತುದಿಯ ಬುಶ್ ಅಥವಾ ಪಿವಟ್ ಬೇರಿಂಗ್ ಸವೆದಿದೆ. ಇನ್ನೊಂದು ಕೈಯ ಬೆರಳನ್ನು ಕೀಲುಗಳ ಮೇಲಿಟ್ಟು ಯಾವುದು ಎಂದು ಪತ್ತೆ ಮಾಡಿ. ಬುಶ್ ಅಗ್ಗ, ಬೇರಿಂಗ್ ಸೆಟ್ಟು ಹಾಗಲ್ಲ, ಬೇರಿಂಗ್ ಕೂರುವ ಗೂಡೇ ಸವೆದಿದ್ದರೆ ಆ ಫ್ರೇಮನ್ನು ಅಲ್ಲಿಗೇ ಬಿಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಆಟ ಹೆಡ್‌ಸೆಟ್ಟಿನಲ್ಲಿ (ಹೆಡ್‌ಟ್ಯೂಬಿನ ಬೇರಿಂಗಿನಲ್ಲಿ) ಸಿಕ್ಕರೆ ಅಲೆನ್ ಕೀಯಿಂದ ಸರಿಹೋಗುತ್ತದೆ, ಫೋರ್ಕಿನ ಸೀಲಿನ ಬಳಿ ಸಿಕ್ಕರೆ ಒಳಗಿನ ಬುಶಿಂಗ್ ಹೋಗಿದೆ. ಮೂರನೆಯದು, ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆಯಿರಿ. ಉಗುರಿಗೆ ಸಿಗುವ ಗೀರು ಸೀಲನ್ನು ಕತ್ತರಿಸಿ ಎಣ್ಣೆ ಹೊರಗೆ ತರುತ್ತದೆ. ಫೋರ್ಕಿನ ಕೆಳಕಾಲಿನ ಎಣ್ಣೆ ಬದಲಾಯಿಸಲು ರಾಕ್‌ಶಾಕ್ಸ್ ಹೇಳುವುದು 50 ಗಂಟೆಗೊಮ್ಮೆ. ಮಾರುವವರು "ಸರ್ವಿಸ್ ಏನೂ ಬೇಕಾಗಿಲ್ಲ ಸಾರ್, ಎರಡು ವರ್ಷದಿಂದ ಮುಟ್ಟೇ ಇಲ್ಲ" ಎಂದರೆ ಅದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ಬೆಲೆಯಲ್ಲಿ ಕಳೆಯಿರಿ.

ಟ್ರೇಲಿಗೆ ಒಯ್ಯುವ ಮುನ್ನ ಹಾನಿಯ ಹೊಣೆ ಯಾರದು ಎಂದು ಬಾಯಿಬಿಟ್ಟು ಮಾತಾಡಿಕೊಳ್ಳಿ, ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಬಿದ್ದರೆ ಮೊದಲು ಬಾಗುವುದು ಹಿಂದಿನ ಗೇರ್ ತೂಗುಹಾಕಿರುವ ಹ್ಯಾಂಗರ್. ಅದು ಯುಡಿಎಚ್ ಎಂಬ ಸಾರ್ವತ್ರಿಕ ಮಾದರಿಯದಾಗಿದ್ದರೆ ಬದಲಿ ಸುಲಭವಾಗಿ ಸಿಗುತ್ತದೆ, ಆ ಫ್ರೇಮಿಗಷ್ಟೇ ಮಾಡಿದ್ದಾದರೆ ವಾರಗಟ್ಟಲೆ ಕಾಯಬೇಕಾದೀತು. ಕೊಳ್ಳುವಾಗಲೂ ಇದನ್ನು ಕೇಳಬೇಕು. ಆ ಶಾಕಿನ ಸೀಲ್ ಕಿಟ್ ಇಲ್ಲಿ ಸಿಗುತ್ತದೆಯೇ, ಯಾರು ಬಿಚ್ಚುತ್ತಾರೆ ಎಂಬುದನ್ನೂ.

ಸೈಕಲ್ ವಾಪಸ್ ಕೊಡುವ ಮುನ್ನ ಶಾಕ್ ಮತ್ತು ಫೋರ್ಕಿನ ಪಿಎಸ್‌ಐ, ಮುಚ್ಚಿದಲ್ಲಿಂದ ಎಣಿಸಿದ ಕ್ಲಿಕ್ಕುಗಳು, ಸ್ಯಾಗಿನ ಮಿ.ಮೀ., ಟೈರಿನ ಒತ್ತಡ, ಸೀಟಿನ ಎತ್ತರ ಇಷ್ಟನ್ನೂ ಫೋನಿನಲ್ಲಿ ಬರೆದುಕೊಳ್ಳಿ. ನೀವು ಹೊರಟ ಮೇಲೆ ಮುಂದಿನ ಗಿರಾಕಿಗಾಗಿ ಅಂಗಡಿಯವರು ಗಾಳಿ ಬಿಟ್ಟುಬಿಡುತ್ತಾರೆ. ನಿಮ್ಮದೇ ಸೈಕಲ್ ಬಂದ ದಿನ ಅದೇ ಸಂಖ್ಯೆಗಳಿಂದ ಶುರು ಮಾಡಿ. ಐದಾರು ಸವಾರಿಯಾದ ಮೇಲೆ ಹೊಸ ಸೀಲುಗಳ ಬಿಗಿ ಸಡಿಲಗೊಂಡು ಸ್ಯಾಗ್ ಒಂದೆರಡು ಮಿ.ಮೀ. ಹೆಚ್ಚಿರುತ್ತದೆ, ಆಗ ಇನ್ನೊಮ್ಮೆ ಗೋಡೆ ಹಿಡಿದು ನಿಂತು ಅಳೆಯಿರಿ.